ತುಟಿಗೆ ಫಿಲ್ಲರ್ ಹಾಕಿಸಿಕೊಂಡ ಮೇಲೆ ಕಾಣುವ ಗಂಟುಗಳು: ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು

ತುಟಿಗೆ ಫಿಲ್ಲರ್, ಅಂದರೆ ತುಟಿ ತುಂಬಿಕೊಂಡಂತೆ ಕಾಣಲು ಸೂಜಿಯಿಂದ ಒಳಗೆ ತುಂಬುವ ಜೆಲ್, ಹಾಕಿಸಿಕೊಂಡ ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತವರಲ್ಲಿ ಹೆಚ್ಚಿನವರಿಗೆ ಮೊದಲು ಆಗುವುದು ಗಾಬರಿ. ಮೇಲ್ತುಟಿ ಕೆಳದುಟಿಗಿಂತ ದಪ್ಪವಾಗಿರುತ್ತದೆ, ಬಲಬದಿ ಎಡಬದಿಗಿಂತ ಎತ್ತರವಾಗಿರುತ್ತದೆ, ನಾಲಿಗೆಯಿಂದ ಒಳಗೆ ತಡವಿದರೆ ಅಲ್ಲಲ್ಲಿ ಸಣ್ಣ ಗಂಟುಗಳು ಸಿಗುತ್ತವೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಯಾದರೆ ಅಜ್ಜಿಯೋ ಅತ್ತೆಯೋ "ಏನೇ, ಜೇನು ಕಚ್ಚಿತಾ?" ಎಂದು ಕೇಳದೆ ಬಿಡುವುದಿಲ್ಲ. ಈ ಗಂಟುಗಳಲ್ಲಿ ಬಹುಪಾಲು ಎರಡರಿಂದ ನಾಲ್ಕು ವಾರಗಳಲ್ಲಿ ತಾವಾಗಿಯೇ ಕರಗುತ್ತವೆ ಅಥವಾ ಕಾಣದಷ್ಟು ಮೆತ್ತಗಾಗುತ್ತವೆ. ನಿಜವಾದ ಅಪಾಯ ಬಂದಾಗ ಅದು ಸಾಮಾನ್ಯವಾಗಿ ಗಂಟಿನ ರೂಪದಲ್ಲಿ ಬರುವುದಿಲ್ಲ, ಬಣ್ಣ ಮತ್ತು ನೋವಿನ ರೂಪದಲ್ಲಿ ಬರುತ್ತದೆ. ಆದ್ದರಿಂದ ಮೊದಲ ದಿನಗಳಲ್ಲಿ ಬೆರಳಿಗಿಂತ ಕಣ್ಣಿಗೆ ಹೆಚ್ಚು ಕೆಲಸ ಕೊಡಬೇಕು.

ಇಲ್ಲಿ ಹೇಳುತ್ತಿರುವುದು ಹೈಯಲುರಾನಿಕ್ ಆಸಿಡ್ ಎಂಬ ಜೆಲ್‌ನ ಫಿಲ್ಲರ್ ಬಗ್ಗೆ. ಈ ವಸ್ತು ನಮ್ಮ ಚರ್ಮದಲ್ಲಿಯೂ ಕೀಲುಗಳಲ್ಲಿಯೂ ಸಹಜವಾಗಿ ಇರುವಂಥದ್ದು. ಬೇಗ ಕರಗಿಹೋಗದಂತೆ ರಾಸಾಯನಿಕವಾಗಿ ಹೆಣೆದು ಸಿರಿಂಜಿನಲ್ಲಿ ತುಂಬಿರುತ್ತಾರೆ. ತುಟಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ ಅರ್ಧದಿಂದ 1 ಮಿಲಿಲೀಟರ್ ಹಾಕುತ್ತಾರೆ. ಇದಕ್ಕೆ ನೀರನ್ನು ಹಿಡಿದಿಟ್ಟುಕೊಳ್ಳುವ ಗುಣವಿರುವುದರಿಂದ ಸೂಜಿಯ ಗಾಯದ ಊತದ ಜೊತೆಗೆ ಜೆಲ್ ಹೀರಿಕೊಂಡ ನೀರಿನ ದಪ್ಪವೂ ಮೊದಲ ದಿನಗಳಲ್ಲಿ ಸೇರಿರುತ್ತದೆ. ಸಿಲಿಕೋನ್‌ನಂಥ ಶಾಶ್ವತ ವಸ್ತುವನ್ನು ಯಾರಾದರೂ ಚುಚ್ಚಿದ್ದರೆ ಈ ಲೇಖನದ ಲೆಕ್ಕಾಚಾರ ಅದಕ್ಕೆ ಹೊಂದುವುದಿಲ್ಲ, ಏಕೆಂದರೆ ಅದನ್ನು ಕರಗಿಸುವ ಔಷಧವೇ ಇಲ್ಲ.

ಸೂಜಿಗೆ ಮೊದಲು ಮಾಡಿಕೊಳ್ಳಬೇಕಾದ ಏರ್ಪಾಡು

ಗುಣವಾಗುವ ಕಾಲದ ಅರ್ಧ ತೊಂದರೆ ಮೊದಲೇ ತಪ್ಪಬಹುದಾದಂಥದ್ದು. ಮಲೆನಾಡಿನವರಿಗೆ ಮೊದಲ ಪ್ರಶ್ನೆ ದೂರದ್ದು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್, ಆಗುಂಬೆಯಿಂದ ಸುಮಾರು 90. ಅನೇಕರು ಮಾಡಿಸಿಕೊಳ್ಳುವುದು ಬೆಂಗಳೂರಿನಲ್ಲಿ. ಅಲ್ಲಿಂದ ಶಿವಮೊಗ್ಗಕ್ಕೇ 300 ಕಿಲೋಮೀಟರಿನಷ್ಟು ದಾರಿ. ಸಂಜೆ ಮಾಡಿಸಿಕೊಂಡು ಅದೇ ರಾತ್ರಿ ಊರಿನ ಬಸ್ಸು ಹತ್ತುವುದು ನನಗೆ ಸರಿ ಕಾಣುವುದಿಲ್ಲ. ಜೆಲ್‌ನಿಂದ ರಕ್ತನಾಳ ಕಟ್ಟಿಕೊಳ್ಳುವ ತೊಂದರೆ ಹೆಚ್ಚಾಗಿ ಚುಚ್ಚುವಾಗಲೇ ಕಾಣಿಸಿಕೊಂಡರೂ ಕೆಲವೊಮ್ಮೆ ಹಲವು ಗಂಟೆಗಳ ನಂತರ ತಲೆದೋರುತ್ತದೆ, ಆ ಹೊತ್ತಿಗೆ ನೀವು ಅರಸೀಕೆರೆಯನ್ನೋ ಕಡೂರನ್ನೋ ದಾಟುತ್ತಿರುತ್ತೀರಿ. ಕನಿಷ್ಠ ಒಂದು ರಾತ್ರಿ, ಸಾಧ್ಯವಾದರೆ ಎರಡು ರಾತ್ರಿ, ವೈದ್ಯರನ್ನು ಸುಲಭವಾಗಿ ಮುಟ್ಟಬಹುದಾದ ಜಾಗದಲ್ಲಿ ಉಳಿದುಕೊಳ್ಳಿ.

ಮಾಡುವವರು ಚರ್ಮವೈದ್ಯರೋ ಪ್ಲಾಸ್ಟಿಕ್ ಸರ್ಜನ್ನರೋ ಆಗಿರಬೇಕು, ಇಲ್ಲವೇ ಈ ಕೆಲಸದಲ್ಲಿ ತರಬೇತಿ ಪಡೆದ ನೋಂದಾಯಿತ ವೈದ್ಯರಾದರೂ ಆಗಿರಬೇಕು. ಅವರನ್ನು ನೇರವಾಗಿ ಕೇಳಬೇಕಾದದ್ದು ಮುಖ್ಯವಾಗಿ ಎರಡು: ಫಿಲ್ಲರನ್ನು ಕರಗಿಸುವ ಹೈಯಲುರಾನಿಡೇಸ್ ಇಂಜೆಕ್ಷನ್ ಅವರ ಕ್ಲಿನಿಕ್ಕಿನಲ್ಲಿಯೇ ಇದೆಯೇ, ಮತ್ತು ಭಾನುವಾರ ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಕರೆ ಮಾಡಬೇಕು. ಈ ಪ್ರಶ್ನೆಗೆ ಮುಖ ಸಿಂಡರಿಸುವವರ ಕೈಯಲ್ಲಿ ತುಟಿ ಕೊಡಬೇಡಿ. ಸಿರಿಂಜಿನ ಪೆಟ್ಟಿಗೆಯೊಂದಿಗೆ ಬ್ಯಾಚ್ ನಂಬರಿನ ಅಂಟುಚೀಟಿ ಬರುತ್ತದೆ. ಅದರ ಒಂದು ಪ್ರತಿಯನ್ನು ನಿಮ್ಮ ಚೀಟಿಗೆ ಅಂಟಿಸಿಕೊಡಲು ಹೇಳಿ. ಆರು ತಿಂಗಳ ನಂತರ ಬೇರೆ ಊರಿನ ವೈದ್ಯರು "ಏನು ಹಾಕಿದ್ದರು?" ಎಂದು ಕೇಳಿದಾಗ ಉತ್ತರ ಅದರಲ್ಲಿರುತ್ತದೆ. ಬ್ಯೂಟಿ ಪಾರ್ಲರುಗಳಲ್ಲಿ ಸೂಜಿಯಿಲ್ಲದ ಪೆನ್ನಿನಿಂದ ಒತ್ತಡದಲ್ಲಿ ಜೆಲ್ ತುಂಬುವ ಪದ್ಧತಿಯಿಂದಂತೂ ದೂರವೇ ಇರಿ. ಈ ಸಾಧನಗಳನ್ನು ತುಟಿಗೆ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2021ರ ಅಕ್ಟೋಬರಿನಲ್ಲಿಯೇ ಎಚ್ಚರಿಕೆ ಕೊಟ್ಟಿದೆ.

ವೈದ್ಯರಿಗೆ ನೀವಾಗಿ ಹೇಳಬೇಕಾದ ಸಂಗತಿಗಳೂ ಇವೆ. ಜ್ವರ ಬಂದಾಗ ತುಟಿಯಂಚಿನಲ್ಲಿ ನೀರುಗುಳ್ಳೆ ಏಳುವ ಅಭ್ಯಾಸ ನಿಮಗಿದ್ದರೆ ಅದನ್ನು ತಪ್ಪದೆ ತಿಳಿಸಿ. ಅದು ಹರ್ಪಿಸ್ ವೈರಸ್ಸಿನ ಕೆಲಸ. ಸೂಜಿಯ ಗಾಯದಿಂದ ಅದು ಮತ್ತೆ ಎದ್ದುಕೊಳ್ಳಬಹುದಾದ್ದರಿಂದ ಮುಂಚಿತವಾಗಿಯೇ ಮಾತ್ರೆ ಕೊಡುವ ರೂಢಿಯಿದೆ. ಗರ್ಭಿಣಿಯರಿಗೂ ಹಾಲುಣಿಸುವ ತಾಯಂದಿರಿಗೂ ಈ ಚಿಕಿತ್ಸೆ ಸದ್ಯಕ್ಕೆ ಬೇಡ. ರಕ್ತ ತೆಳುಮಾಡುವ ಮಾತ್ರೆಯನ್ನು ಹೃದಯದ ಕಾರಣಕ್ಕೆ ತೆಗೆದುಕೊಳ್ಳುತ್ತಿರುವವರು ತುಟಿಯ ಸಲುವಾಗಿ ತಾವೇ ನಿಲ್ಲಿಸಬಾರದು, ಅದನ್ನು ಕೊಟ್ಟ ವೈದ್ಯರನ್ನು ಕೇಳಬೇಕು. ಹಲ್ಲಿನ ಕೆಲಸವೇನಾದರೂ ಬಾಕಿಯಿದ್ದರೆ ಅದನ್ನು ಮೊದಲು ಮುಗಿಸಿ ಎರಡು ವಾರ ಬಿಟ್ಟು ಬನ್ನಿ.

ತೋಟ, ಕಾಡು ಸುತ್ತುವ ನಮ್ಮವರಿಗೆ ವಿಶೇಷವಾಗಿ ಅನ್ವಯಿಸುವ ಒಂದು ಮಾತಿದೆ. ಜೇನು ಮತ್ತು ಕಣಜದ ವಿಷದಲ್ಲಿ ಹೈಯಲುರಾನಿಡೇಸ್ ಇರುತ್ತದೆ, ಫಿಲ್ಲರ್ ಕರಗಿಸುವ ಇಂಜೆಕ್ಷನ್ ಕೂಡ ಅದೇ ಬಗೆಯ ಕಿಣ್ವ. ತುಡುವೆ ಕಚ್ಚಿ ಕೈ ಊದಿಕೊಂಡಿತ್ತು ಎಂಬುದು ಇಲ್ಲಿ ದೊಡ್ಡ ವಿಷಯವಲ್ಲ, ಅದು ಎಲ್ಲರಿಗೂ ಆಗುವಂಥದ್ದು. ಆದರೆ ಹೆಜ್ಜೇನು ಅಥವಾ ಕಣಜ ಕಚ್ಚಿದಾಗ ಮೈತುಂಬ ದದ್ದು ಎದ್ದು, ಉಸಿರು ಕಟ್ಟಿ, ತಲೆ ಸುತ್ತಿ ಬಿದ್ದು ಆಸ್ಪತ್ರೆಗೆ ಸೇರಿದ್ದರೆ ಅದನ್ನು ಮೊದಲ ಭೇಟಿಯಲ್ಲಿಯೇ ಹೇಳಿ. ಕರಗಿಸುವ ಔಷಧವನ್ನು ಮುಂದೆ ಕೊಡಬೇಕಾಗಿ ಬಂದರೆ ಅಲರ್ಜಿಯ ಚಿಕಿತ್ಸೆಗೆ ಸಿದ್ಧರಾಗಿ ಕೊಡಬೇಕೆಂಬುದು ಅವರಿಗೆ ಗೊತ್ತಿರಬೇಕು. ಇಂಥವರು ಫಿಲ್ಲರ್ ಬೇಕೇ ಎಂದು ಇನ್ನೊಮ್ಮೆ ಯೋಚಿಸುವುದೂ ಒಳ್ಳೆಯದು.

ಮದುವೆಗಾಗಿ ಮಾಡಿಸಿಕೊಳ್ಳುವವರು ಮುಹೂರ್ತಕ್ಕೆ ಕನಿಷ್ಠ ನಾಲ್ಕು ವಾರ ಮೊದಲು ಮಾಡಿಸಿಕೊಳ್ಳಲಿ. ಹಿಂದಿನ ವಾರ ಮಾಡಿಸಿಕೊಂಡರೆ ಅರಿಶಿನಶಾಸ್ತ್ರದ ಫೋಟೋಗಳಲ್ಲೆಲ್ಲ ನೀಲಿ ತುಟಿಯೇ ಉಳಿಯುತ್ತದೆ.

ಮೊದಲ ಎರಡು ಮೂರು ದಿನ

ಊತ ಚುಚ್ಚಿಸಿಕೊಂಡ ದಿನಕ್ಕಿಂತ ಮರುದಿನ ಹೆಚ್ಚಾಗುತ್ತದೆ, 24ರಿಂದ 72 ಗಂಟೆಗಳ ನಡುವೆ ಅತಿ ಹೆಚ್ಚಿರುತ್ತದೆ, ಆಮೇಲೆ ಇಳಿಯತೊಡಗುತ್ತದೆ. ಬೆಳಿಗ್ಗೆ ಏಳುವಾಗ ಜಾಸ್ತಿ, ಮಧ್ಯಾಹ್ನದ ಹೊತ್ತಿಗೆ ಕಡಿಮೆ ಎನ್ನಿಸುವುದೂ ಸಹಜ. ಮುಟ್ಟಿದರೆ ನೋವು, ಬಿಗಿತ, ಸೂಜಿ ತಾಗಿದಲ್ಲಿ ಕೆಂಪು ಚುಕ್ಕೆ, ಎರಡು ಬದಿಯ ವ್ಯತ್ಯಾಸ ಇವೆಲ್ಲ ಈ ಕಾಲದಲ್ಲಿ ಇರಬೇಕಾದುವೇ. ಕೆನ್ನೀಲಿ ಕಲೆ ಮೂಡಿದರೆ ಅದು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತ ಒಂದೆರಡು ವಾರಗಳಲ್ಲಿ ಮಾಯುತ್ತದೆ. ಕಲೆಯ ಕೆಳಗೆ ಗಟ್ಟಿಯಾಗಿ ಸಿಗುವ ಗಂಟು ಬಹಳ ಸಲ ಹೆಪ್ಪುಗಟ್ಟಿದ ರಕ್ತವೇ ಹೊರತು ಫಿಲ್ಲರ್ ಅಲ್ಲ.

ಜೆಲ್‌ನಲ್ಲಿ ಮರಗಟ್ಟಿಸುವ ಔಷಧ ಬೆರೆತಿರುವುದು ಸಾಮಾನ್ಯ. ಅದರ ಜೊತೆಗೆ ಮುಲಾಮನ್ನೋ ಇಂಜೆಕ್ಷನ್ನನ್ನೋ ಕೊಟ್ಟಿರುತ್ತಾರೆ. ಸ್ಪರ್ಶ ಮರಳುವವರೆಗೆ ಬಿಸಿ ಕಾಫಿ, ಬಿಸಿ ಕಷಾಯ ಕುಡಿಯಬೇಡಿ. ಸುಟ್ಟದ್ದೂ ಗೊತ್ತಾಗುವುದಿಲ್ಲ, ತುಟಿ ಕಚ್ಚಿಕೊಂಡದ್ದೂ ಗೊತ್ತಾಗುವುದಿಲ್ಲ. ಐಸನ್ನು ತೆಳುವಾದ ಶುಭ್ರ ಬಟ್ಟೆಯಲ್ಲಿ ಸುತ್ತಿ ಐದರಿಂದ ಹತ್ತು ನಿಮಿಷ ಮೆಲ್ಲಗೆ ಇಟ್ಟು ತೆಗೆಯಿರಿ. ನೇರವಾಗಿ ಇಡಬೇಡಿ, ಒತ್ತಬೇಡಿ. ಆದರೆ ತುಟಿ ಬಿಳಿಚಿಕೊಂಡಿದ್ದರೆ ಅಥವಾ ವಿಪರೀತ ನೋಯುತ್ತಿದ್ದರೆ ಐಸ್ ಇಡುವುದೇ ಬೇಡ. ಮಲಗುವಾಗ ಎರಡು ದಿಂಬು ಇಟ್ಟುಕೊಂಡರೆ ಬೆಳಗಿನ ಊತ ಕಡಿಮೆಯಾಗುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬಗೆಯವು ರಕ್ತಕಲೆಯನ್ನು ಹೆಚ್ಚಿಸಬಹುದು.

ಹಂಡೆಯ ಒಲೆ ಉರಿಯುವ ಬಚ್ಚಲಿನಲ್ಲಿ ಹಬೆ ತುಂಬಿಕೊಂಡು ಅರ್ಧ ಗಂಟೆ ಮೀಯುವ ಸುಖವನ್ನು ಎರಡು ದಿನ ಮುಂದೂಡಬೇಕು. ಬಿಸಿ ತಾಗಿದಷ್ಟೂ ಊತ ಹೆಚ್ಚು. ಬೆವರಿಳಿಯುವ ವ್ಯಾಯಾಮ, ಗುಡ್ಡ ಹತ್ತುವುದು, ಮದ್ಯ ಇವಕ್ಕೂ ಅಷ್ಟೇ ದಿನ ರಜೆ ಕೊಡಿ. ಸೂಜಿಮೆಣಸಿನ ಖಾರ ಮತ್ತು ಉಪ್ಪಿನಕಾಯಿ ಹಸಿ ಗಾಯಕ್ಕೆ ಹಿತವಲ್ಲ. ಎಲೆಯಡಿಕೆಯ ಅಭ್ಯಾಸವಿರುವವರಿಗೆ ಕನಿಷ್ಠ ಒಂದು ವಾರವಾದರೂ ಕವಳ ಬೇಡವೆನ್ನುತ್ತೇನೆ: ಸುಣ್ಣ ಗಾಯವನ್ನು ಸುಡುತ್ತದೆ, ಅಗಿಯುವಾಗ ತುಟಿ ಬಿಡುವಿಲ್ಲದೆ ಅಲುಗುತ್ತದೆ, ಅಡಿಕೆಯ ಕೆಂಪು ಬಣ್ಣದ ನಡುವೆ ತುಟಿಯ ನಿಜವಾದ ಬಣ್ಣ ಕಾಣುವುದೇ ಇಲ್ಲ. ತಂಬಾಕು ಗಾಯ ಮಾಯುವುದನ್ನು ತಡಮಾಡುತ್ತದೆ. ಲಿಪ್‌ಸ್ಟಿಕ್ಕನ್ನು ಒಂದು ದಿನ ಬಿಡಿ. ಆಮೇಲೆ ತುಟಿ ಒಣಗಿದರೆ ಹೊಸ ಡಬ್ಬಿಯ ಪೆಟ್ರೋಲಿಯಂ ಜೆಲ್ಲಿ ಹಚ್ಚಬಹುದು, ಮನೆಮಂದಿಯೆಲ್ಲ ಬೆರಳದ್ದುವ ತುಪ್ಪದ ಗಿಂಡಿ ಬೇಡ.

ಊತ ಕಂಡರೆ ಅರಿಶಿನ-ಸುಣ್ಣ ಕಲಸಿ ಪಟ್ಟು ಹಾಕುವುದು, ಬಿಸಿ ಕಾವು ಕೊಡುವುದು, ಎಣ್ಣೆ ಹಚ್ಚಿ ತಿಕ್ಕಿ "ಗಂಟು ಒಡೆಯುವುದು" ನಮ್ಮ ಮನೆಗಳಲ್ಲಿ ಕೈಗೆಟಕುವ ಉಪಾಯಗಳು. ಉಳುಕಿದ ಕಾಲಿಗೆ ಇವು ಹೇಗೋ ಗೊತ್ತಿಲ್ಲ, ತುಟಿಗೆ ಮೂರೂ ಹಾನಿ. ಸುಣ್ಣ ತೀಕ್ಷ್ಣ ಕ್ಷಾರವಾದ್ದರಿಂದ ತುಟಿಯ ತೆಳುವಾದ ಪದರವನ್ನು ಸುಡುತ್ತದೆ, ಕಾವು ಊತವನ್ನು ಏರಿಸುತ್ತದೆ, ತಿಕ್ಕಿದರೆ ಇನ್ನೂ ನೆಲೆಗೊಳ್ಳದ ಜೆಲ್ ಜಾಗ ಬಿಟ್ಟು ಸರಿಯುತ್ತದೆ.

ಬಣ್ಣ ನೋಡುವ ಬಗೆ

ತುಟಿಗೆ ರಕ್ತ ತರುವುದು ಮುಖ್ಯವಾಗಿ ಮೇಲೊಂದು ಕೆಳಗೊಂದು ಹರಿಯುವ ಅಪಧಮನಿಗಳು. ಎರಡೂ ಮುಖದ ಅಪಧಮನಿಯ ಕವಲುಗಳು. ಜೆಲ್ ಅವುಗಳ ಒಳಗೆ ಹೊಕ್ಕರೆ ಅಥವಾ ಹೊರಗಿನಿಂದ ಒತ್ತಿದರೆ ಆ ಭಾಗಕ್ಕೆ ರಕ್ತ ನಿಲ್ಲುತ್ತದೆ. ಇದು ಅಪರೂಪ, ಆದರೆ ಆದಾಗ ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ. ಅದಕ್ಕಾಗಿ ಮೊದಲ ದಿನ ಮಲಗುವವರೆಗೆ ಒಂದೆರಡು ಗಂಟೆಗೊಮ್ಮೆ, ಎರಡನೆಯ ದಿನ ಮೂರು ನಾಲ್ಕು ಸಲ ಹೀಗೆ ಪರೀಕ್ಷಿಸಿಕೊಳ್ಳಿ.

ಮಳೆಗಾಲದಲ್ಲಿ ಮಲೆನಾಡಿನ ಹಳೆಯ ಮನೆಯ ನಡುಮನೆಯಲ್ಲಿ ಹಗಲೂ ದೀಪ ಬೇಕು, ಹಳದಿ ಬಲ್ಬಿನ ಕೆಳಗೆ ತುಟಿಯ ಬಣ್ಣ ಮೋಸ ಮಾಡುತ್ತದೆ. ಹಗಲಿನಲ್ಲಿ ಜಗಲಿಗೆ ಬನ್ನಿ. ರಾತ್ರಿಯಾದರೆ ಮೊಬೈಲಿನ ಬಿಳಿ ಟಾರ್ಚು ಬಳಸಿ. ಕೈ ತೊಳೆದುಕೊಂಡು ತೋರುಬೆರಳಿನಿಂದ ತುಟಿಯ ಒಂದು ಕಡೆ ಮೆಲ್ಲಗೆ ಒತ್ತಿ, ಐದು ಎಣಿಸಿ, ಬಿಡಿ. ಒತ್ತಿದ ಜಾಗ ಬಿಳಿಚಿಕೊಂಡು ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಬಲ, ನಡು, ಎಡ ಹೀಗೆ ಮೇಲ್ತುಟಿಯಲ್ಲೂ ಕೆಳದುಟಿಯಲ್ಲೂ ನೋಡಿ ಒಂದನ್ನೊಂದು ಹೋಲಿಸಿ. ಶ್ಯಾಮಲ ಮೈಬಣ್ಣದವರಲ್ಲಿ ತುಟಿಯ ಹೊರಗೆ ಬಿಳಿಚುವಿಕೆ ಅಷ್ಟಾಗಿ ಕಾಣುವುದಿಲ್ಲವಾದ್ದರಿಂದ ತುಟಿಯನ್ನು ಮಗುಚಿ ಒಳಬದಿಯ ಬಣ್ಣವನ್ನೂ ನೋಡಬೇಕು. ಹೊರಗೆ ಮೂಗಿನ ತುದಿ, ಮೂಗಿನ ಪಕ್ಕ, ಗಲ್ಲದ ಚರ್ಮವನ್ನೂ ಗಮನಿಸಿ, ಏಕೆಂದರೆ ಅದೇ ನಾಳದ ಕವಲುಗಳು ಅಲ್ಲಿಗೂ ಹೋಗುತ್ತವೆ.

ಬಣ್ಣ ಮರಳಲು ತಡವಾಗುವುದು, ಒಂದು ಭಾಗ ಬಿಳಿಚಿಕೊಂಡೇ ಉಳಿಯುವುದು, ಬಲೆಯ ಕಣ್ಣುಗಳಂತೆ ನೇರಳೆ ಗೆರೆಗಳು ಹರಡುವುದು, ತುಟಿ ತಣ್ಣಗಾಗುವುದು, ಹೊತ್ತು ಹೋದಂತೆ ನೋವು ಏರುತ್ತಲೇ ಹೋಗುವುದು ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಮಾಡಿದ ವೈದ್ಯರಿಗೆ ಕರೆ ಮಾಡಿ. ಎರಡು ಮೂರನೆಯ ದಿನ ಅದೇ ಜಾಗದಲ್ಲಿ ಸಾಲಾಗಿ ಸಣ್ಣ ಬಿಳಿ ಗುಳ್ಳೆಗಳು ಎದ್ದರೆ ಮೊಡವೆಯೆಂದು ಬಿಡಬೇಡಿ, ರಕ್ತ ಸಾಲದ ಚರ್ಮದಲ್ಲಿ ಹಾಗೆ ಏಳುತ್ತವೆ. ನೋವಿಲ್ಲದಿದ್ದರೂ ಬಣ್ಣ ಕೆಟ್ಟಿದ್ದರೆ ಹೊರಡಲೇಬೇಕು, ಏಕೆಂದರೆ ಮರಗಟ್ಟಿಸುವ ಔಷಧ ನೋವನ್ನು ಮರೆಮಾಡಿರಬಹುದು. ಚಿಕಿತ್ಸೆ ಹೆಚ್ಚಿನ ಪ್ರಮಾಣದ ಹೈಯಲುರಾನಿಡೇಸ್. ಬಣ್ಣ ಮರಳುವವರೆಗೆ ಅದನ್ನು ಮತ್ತೆ ಮತ್ತೆ ಕೊಡಬೇಕಾಗಬಹುದು. ಕಣ್ಣು ಮಂಜಾದರೆ, ಉಸಿರಾಟಕ್ಕೆ ತೊಂದರೆಯಾದರೆ, ನಾಲಿಗೆ ಊದಿದರೆ ಕ್ಲಿನಿಕ್ಕನ್ನು ಹುಡುಕದೆ 108ಕ್ಕೆ ಕರೆ ಮಾಡಿ ತುರ್ತು ಚಿಕಿತ್ಸೆಯಿರುವ ದೊಡ್ಡ ಆಸ್ಪತ್ರೆಗೆ ಹೋಗಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ, ಘಟ್ಟದ ಕೆಳಗೆ ಮಣಿಪಾಲವಿದೆ. ಫೋನಿಗೆ ಸಿಗ್ನಲ್ ಹಿಡಿಯಲು ಗುಡ್ಡದ ನೆತ್ತಿಗೆ ಹೋಗಬೇಕಾದ ಊರಿನವರಾದರೆ ಈ ಮೊದಲ ಎರಡು ರಾತ್ರಿಗಳನ್ನು ಪೇಟೆಯಲ್ಲಿ ಕಳೆಯುವುದಕ್ಕೆ ಬೇರೆ ಕಾರಣವೇ ಬೇಡ.

ನಾಲ್ಕನೆಯ ದಿನದಿಂದ ಎರಡು ವಾರ

ಈ ಅವಧಿಯಲ್ಲಿ ಮಾಡಬೇಕಾದ ಕೆಲಸ ಕಡಿಮೆ, ಮಾಡದೆ ಇರಬೇಕಾದದ್ದೇ ಹೆಚ್ಚು. ಮೇಲಿನ ಊತ ಇಳಿಯುತ್ತಿದ್ದಂತೆ ಒಳಗಿನ ಗಂಟುಗಳು ಇನ್ನಷ್ಟು ಸ್ಪಷ್ಟವಾಗಿ ಕೈಗೆ ಸಿಗತೊಡಗುತ್ತವೆ, ಅದರಿಂದ ಗಂಟು ಬೆಳೆಯುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ದಿನಕ್ಕೆ ಹತ್ತು ಸಲ ನಾಲಿಗೆಯಿಂದ ತಡವುವವರಿಗೆ ಅದು ಇನ್ನೂ ದೊಡ್ಡದಾಗಿ ಕಾಣುತ್ತದೆ. ದಿನಕ್ಕೊಂದು ಸಲ, ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ ತುಟಿ ಸಡಿಲ ಬಿಟ್ಟು ಒಂದು ಫೋಟೋ ತೆಗೆದಿಡಿ. ನೆನಪಿಗಿಂತ ಫೋಟೋ ಪ್ರಾಮಾಣಿಕ, ವೈದ್ಯರಿಗೂ ಅದೇ ಉಪಯೋಗಕ್ಕೆ ಬರುತ್ತದೆ.

ಒಂದು ವ್ಯತ್ಯಾಸವನ್ನು ಇಲ್ಲಿ ಕಲಿತುಕೊಳ್ಳಬೇಕು. ಕೈಗೆ ಸಿಗುವ ಆದರೆ ಕಣ್ಣಿಗೆ ಕಾಣದ, ನೋವಿಲ್ಲದ, ದಿನದಿಂದ ದಿನಕ್ಕೆ ಮೆತ್ತಗಾಗುವ ಗಂಟು ಸಾಮಾನ್ಯವಾದದ್ದು. ತುಟಿಯೊಳಗೆ ಜೆಲ್ ಇದ್ದಾಗ ಅದು ಸ್ವಲ್ಪವೂ ಕೈಗೆ ಸಿಗಬಾರದೆಂದು ನಿರೀಕ್ಷಿಸುವುದು ನ್ಯಾಯವಲ್ಲ. ತುಟಿಯ ಒಳಬದಿಯಲ್ಲಿ ಹುಟ್ಟಿನಿಂದಲೇ ಇರುವ ಸಣ್ಣ ಜೊಲ್ಲಿನ ಗ್ರಂಥಿಗಳೂ ನಾಲಿಗೆಗೆ ತರಿತರಿಯಾಗಿ ತಾಗುತ್ತವೆ, ಅವನ್ನು ಮೊದಲ ಬಾರಿಗೆ ಗಮನಿಸಿ ಹೆದರಿದವರೂ ಇದ್ದಾರೆ. ಇದಕ್ಕೆ ವಿರುದ್ಧವಾಗಿ, ಇಳಿದ ಊತ ಮತ್ತೆ ಏರಿ, ಮುಟ್ಟಿದರೆ ಬೆಚ್ಚಗಿದ್ದು, ಕೆಂಪಾಗಿ, ಮಿಡಿಯುವ ನೋವಿದ್ದು, ಕೀವು ಅಥವಾ ಜ್ವರ ಕಾಣಿಸಿಕೊಂಡರೆ ಅದು ಸೋಂಕು. ಅಂಚಿನಲ್ಲಿ ಗುಂಪಾಗಿ ಉರಿಯುವ ನೀರುಗುಳ್ಳೆಗಳಾದರೆ ಹರ್ಪಿಸ್ ಇರಬಹುದು. ಎರಡಕ್ಕೂ ಅದೇ ದಿನ ವೈದ್ಯರು ಬೇಕು, ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ತಂದ ಆಂಟಿಬಯೋಟಿಕ್ಕು ಮತ್ತು ಸ್ಟಿರಾಯ್ಡ್ ಮುಲಾಮು ಬೇಡ. ಸ್ಟಿರಾಯ್ಡ್ ಮುಲಾಮು ಹರ್ಪಿಸನ್ನು ಇನ್ನಷ್ಟು ಹರಡಿಸಬಹುದು.

ಮಾಲೀಷಿನ ಪ್ರಶ್ನೆ ಎಲ್ಲರೂ ಕೇಳುವಂಥದ್ದು. ವೈದ್ಯರು ಕೈಯಿಂದ ನೋಡಿ, ಇಂಥ ಜಾಗದ ಇಂಥ ಗಂಟನ್ನು ಒತ್ತಿ ಎಂದು ತೋರಿಸಿಕೊಟ್ಟಿದ್ದರೆ ಮಾತ್ರ ಒತ್ತಬಹುದು. ಆಗಲೂ ಉಜ್ಜುವುದಲ್ಲ, ಹೊರಳಿಸುವುದಲ್ಲ: ತೊಳೆದ ಕೈಯ ಹೆಬ್ಬೆರಳು ತುಟಿಯ ಒಳಗೆ, ತೋರುಬೆರಳು ಹೊರಗೆ ಇಟ್ಟು, ನಡುವೆ ಗಂಟನ್ನು ಹಿಡಿದು, ಕೆಲವು ಸೆಕೆಂಡು ಸಮನಾಗಿ ಅದುಮಿ ಬಿಡುವುದು. ವಿಡಿಯೋ ನೋಡಿ ಕಲಿತ ಮಾಲೀಷು ರಕ್ತಕಲೆಯ ಮೇಲೆ ಮತ್ತೊಂದು ರಕ್ತಕಲೆ ಮಾಡುವುದೇ ಹೆಚ್ಚು. ಹೊರಗೆ ಹೋಗುವಾಗ ಬಿಸಿಲಿಗೆ ಟೋಪಿ, ಸನ್‌ಸ್ಕ್ರೀನ್ ಬಳಸಿ. ನಮ್ಮ ಮೈಬಣ್ಣದಲ್ಲಿ ಗಾಯವಾದಲ್ಲಿ ಕಂದು ಕಲೆ ಉಳಿಯುವ ಸ್ವಭಾವವಿದೆ.

ಎರಡು ವಾರ ಕಳೆದರೂ ಉಳಿದ ಗಂಟು

ಎರಡನೆಯ ವಾರದ ಕೊನೆಗೆ ಒಂದು ಭೇಟಿ ಇಟ್ಟುಕೊಳ್ಳಿ. ಅಷ್ಟರೊಳಗೆ "ಇನ್ನೊಂದು ಸಿರಿಂಜು ಹಾಕಿ ಸಮ ಮಾಡಿ" ಎಂದು ಕೇಳಿಕೊಂಡು ಹೋಗುವವರಿದ್ದಾರೆ, ಒಪ್ಪಿ ಹಾಕುವವರೂ ಇದ್ದಾರೆ. ಊತದ ಮೇಲೆ ಅಳತೆ ಮಾಡಿ ಹಾಕಿದ ಫಿಲ್ಲರ್ ಊತ ಇಳಿದ ಮೇಲೆ ಹೊಸ ಗಂಟಾಗಿ ಎದ್ದು ಕಾಣುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ನಾಲ್ಕು ವಾರದವರೆಗೂ ಅಂಗಾಂಶ ಮೆತ್ತಗಾಗುತ್ತಿರುತ್ತದೆ.

ಆ ಹೊತ್ತಿಗೂ ಮಾತನಾಡುವಾಗ ಅಥವಾ ನಗುವಾಗ ಎದ್ದು ಕಾಣುವ ಗಂಟು, ತುಟಿಯ ಗೆರೆಯ ಮೇಲೆ ಬೆಳ್ಳಗೆ ಉಬ್ಬಿದ ಪಟ್ಟಿ, ತುಟಿಯ ಗೆರೆ ದಾಟಿ ಮೀಸೆಯ ಜಾಗಕ್ಕೆ ಸರಿದ ಜೆಲ್ ಉಳಿದಿದ್ದರೆ ಅದು ತೀರ ಮೇಲ್ಪದರಕ್ಕೆ ಬಿದ್ದ ಅಥವಾ ಒಂದೇ ಕಡೆ ಹೆಚ್ಚಾಗಿ ಬಿದ್ದ ಫಿಲ್ಲರ್ ಇರಬೇಕು. ಮೂರು ದಾರಿಗಳಿವೆ: ತೊಂದರೆಯಿಲ್ಲದಿದ್ದರೆ ಹಾಗೆಯೇ ಬಿಡುವುದು (ಜೆಲ್ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದ ಅವಧಿಯಲ್ಲಿ ಕ್ರಮೇಣ ಕಡಿಮೆಯಾಗುತ್ತದೆ), ವೈದ್ಯರ ಕೈಯಿಂದ ಒತ್ತಿಸುವುದು, ಅಥವಾ ಸ್ವಲ್ಪ ಹೈಯಲುರಾನಿಡೇಸ್ ಹಾಕಿ ಆ ಗಂಟನ್ನು ಮಾತ್ರ ಕರಗಿಸುವುದು. ಕರಗಿಸುವ ಇಂಜೆಕ್ಷನ್ ಕೆಲಸ ಬೇಗನೆ ಶುರುಮಾಡಿ ಒಂದೆರಡು ದಿನಗಳಲ್ಲಿ ಹೆಚ್ಚಿನ ಪರಿಣಾಮ ತೋರಿಸುತ್ತದೆ. ಅಂದು ತುಟಿ ಮತ್ತೆ ಊದುತ್ತದೆ. ಇಳಿದ ಮೇಲೆ ತುಟಿ ಬತ್ತಿದಂತೆ ಕಂಡರೆ ಗಾಬರಿ ಬೇಡ, ದೇಹ ತನ್ನದೇ ಹೈಯಲುರಾನಿಕ್ ಆಸಿಡ್ಡನ್ನು ಬೇಗನೆ ತುಂಬಿಕೊಳ್ಳುತ್ತದೆ.

ತಿಂಗಳುಗಳ ನಂತರ ಏಳುವ ಗಂಟು

ಎಲ್ಲ ಸರಿಯಿದ್ದು, ಫಿಲ್ಲರ್ ಹಾಕಿಸಿದ್ದು ಮರೆತೇಹೋಗಿದ್ದಾಗ ತುಟಿಯಲ್ಲಿ ಒಂದು ಗಟ್ಟಿ, ಕೆಂಪು, ನೋಯುವ ಗಂಟು ಏಳುವುದುಂಟು. ಆಷಾಢದ ಮಳೆಯಲ್ಲಿ ಮನೆಮನೆಗೂ ಬರುವ ವೈರಲ್ ಜ್ವರ, ಹಲ್ಲಿನ ಸೋಂಕು ಅಥವಾ ಹಲ್ಲಿನ ಚಿಕಿತ್ಸೆ, ಕೆಲವರಲ್ಲಿ ಲಸಿಕೆ ಇವುಗಳ ಬೆನ್ನಿಗೆ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತು ಜೆಲ್‌ನ ಸುತ್ತ ಉರಿಯೂತ ಹುಟ್ಟಿಸುತ್ತದೆ. ಜೆಲ್‌ನ ಮೇಲೆ ಪೊರೆ ಕಟ್ಟಿಕೊಂಡು ಕುಳಿತ ಬ್ಯಾಕ್ಟೀರಿಯಾ ಕಾರಣವಾಗುವುದೂ ಇದೆ. ಲಸಿಕೆಯಿಂದಾದ ಊತ ಹೆಚ್ಚಾಗಿ ತಾತ್ಕಾಲಿಕವಾದ್ದರಿಂದ ಅದಕ್ಕೆ ಹೆದರಿ ಲಸಿಕೆ ಬಿಡುವುದು ಸರಿಯಲ್ಲ. ಆದರೆ ತಡವಾಗಿ ಎದ್ದ ಗಂಟನ್ನು ಮಾತ್ರ ಕಾದು ನೋಡುವ ಪಟ್ಟಿಗೆ ಸೇರಿಸಬೇಡಿ. ಸೋಂಕು ಇದೆಯೋ ಇಲ್ಲವೋ ನೋಡಿ, ಆಂಟಿಬಯೋಟಿಕ್, ಸ್ಟಿರಾಯ್ಡ್, ಕರಗಿಸುವ ಔಷಧ ಇವುಗಳಲ್ಲಿ ಯಾವುದು ಮೊದಲು ಎಂದು ತೀರ್ಮಾನಿಸುವುದು ತಜ್ಞರ ಕೆಲಸ. ಸೋಂಕು ಇರುವಾಗಲೇ ಕರಗಿಸುವ ಔಷಧ ಹಾಕಿದರೆ ಅದು ಹರಡುವ ಭಯವೂ ಇದೆ. ಹಲ್ಲಿನ ವೈದ್ಯರ ಬಳಿಯೂ ಜ್ವರಕ್ಕೆ ನೋಡುವ ಊರಿನ ವೈದ್ಯರ ಬಳಿಯೂ "ತುಟಿಗೆ ಫಿಲ್ಲರ್ ಹಾಕಿಸಿದ್ದೇನೆ" ಎಂದು ಸಂಕೋಚವಿಲ್ಲದೆ ಹೇಳಿ, ಬ್ಯಾಚ್ ನಂಬರಿನ ಚೀಟಿಯನ್ನು ತೋರಿಸಿ. ಎಲ್ಲವನ್ನೂ ಕರಗಿಸಿಕೊಂಡು ಮತ್ತೆ ಹಾಕಿಸುವ ಆಸೆಯಿದ್ದರೆ ಊತ ಪೂರ್ತಿ ಇಳಿಯುವವರೆಗೆ, ಕನಿಷ್ಠ ಎರಡು ವಾರವಾದರೂ ಕಾಯಬೇಕು. ಉರಿಯೂತದ ಗಂಟು ಎದ್ದಿದ್ದವರು ಅದು ಪೂರ್ಣವಾಗಿ ಆರಿ ತಿಂಗಳುಗಳು ಕಳೆಯುವ ಮೊದಲು ಆ ಮಾತನ್ನೇ ಎತ್ತಬಾರದು.